ಜೋಡಿಯಾಟದ ಅಶ್ವಿನಿ ಪೊನ್ನಪ್ಪ

ಸಂಜೆ ಶಾಲೆಯ ಬಾಗಿಲಿಗೆ ಬೀಗ ಹಾಕಿಸಿ ಮನೆಯ ಕಡೆ ಹೊರಟಾಗ ನಮ್ಮ ಜಿಗಣಿಯಲ್ಲಿ ಒಂದು ನೋಟ ನಿತ್ಯವೂ ಕಣ್ಣಿಗೆ ಬೀಳುತ್ತದೆ. ಕಾರ್ಖಾನೆಗಳ ಮೊದಲ ಶಿಫ್ಟು ಮುಗಿದಿರುತ್ತದೆ. ಕಲ್ಲು ಕೊಯ್ಯುವ ಯಂತ್ರಗಳ ಸದ್ದು ತುಸು ತಗ್ಗಿರುತ್ತದೆ. ಖಾಲಿ ನಿವೇಶನವೊಂದರಲ್ಲಿ ಎರಡು ಗಳು ನೆಟ್ಟು, ಬಲೆ ಕಟ್ಟಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಹುಡುಗರು ಷಟಲ್ ಆಡುತ್ತಿರುತ್ತಾರೆ. ಬಲೆಯ ಈಚೆ ಇಬ್ಬರು, ಆಚೆ ಇಬ್ಬರು. ಒಬ್ಬರಿಗೊಬ್ಬರು ಎದುರಾಗಿ ಆಡುವುದನ್ನು ನಾನು ಅಲ್ಲಿ ಕಂಡದ್ದೇ ಅಪರೂಪ. ಏಕೆಂದು ಒಮ್ಮೆ ಕೇಳಿದೆ. “ಬಲೆ ಒಂದೇ ಸಾರ್, ಕಾಯೋರು ಹತ್ತು ಜನ. ಒಬ್ಬೊಬ್ಬರೇ ಆಡಿದ್ರೆ ನಮ್ಮ ಸರದಿ ಬರೋ ಹೊತ್ತಿಗೆ ಕತ್ತಲಾಗುತ್ತೆ” ಎಂದ ಒಬ್ಬ ಹುಡುಗ.

ವಾಚಕರೇ, ಇದೊಂದು ವಿಚಿತ್ರವಲ್ಲವೇ? ಬೀದಿಯಲ್ಲಿ, ಶಾಲೆಯ ಅಂಗಳದಲ್ಲಿ, ಕಚೇರಿಯವರ ಕ್ಲಬ್ಬುಗಳಲ್ಲಿ ನಮ್ಮ ಜನ ಹೆಚ್ಚಾಗಿ ಆಡುವುದು ಜೋಡಿಯಾಟವನ್ನು. ಆದರೆ ಬ್ಯಾಡ್ಮಿಂಟನ್ ಆಟದಲ್ಲಿ ಹೆಸರಾದವರನ್ನು ಹೇಳಿ ಎಂದರೆ ನಮ್ಮ ನಾಲಿಗೆಗೆ ಬರುವ ಹೆಸರುಗಳು ಪ್ರಕಾಶ್ ಪಡುಕೋಣೆ, ಸೈನಾ ನೆಹ್ವಾಲ್, ಪಿ. ವಿ. ಸಿಂಧು. ಇವರೆಲ್ಲರ ಕೀರ್ತಿ ಒಂಟಿಯಾಟದಿಂದ ಬಂದದ್ದು. ನಾವೆಲ್ಲರೂ ಆಡುವ ಆಟದಲ್ಲಿ ಜಗತ್ತೇ ತಿರುಗಿ ನೋಡುವಂತೆ ಆಡಿದ ಹೆಣ್ಣುಮಗಳೊಬ್ಬಳು ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದಳು ಎಂಬುದನ್ನು ಎಷ್ಟು ಜನ ನೆನೆಯುತ್ತೇವೆ? ಅಶ್ವಿನಿ ಪೊನ್ನಪ್ಪ ಎಂಬುದು ಆಕೆಯ ಹೆಸರು. ಆಕೆಯ ಆಟದ ಬದುಕನ್ನು ಅರಿಯಬೇಕಾದರೆ ಮೊದಲು ಜೋಡಿಯಾಟವೆಂದರೇನು ಎಂಬುದನ್ನು ತಿಳಿಯಬೇಕು.

ನಾನು ವ್ಯಾಕರಣ ಹೇಳಿಕೊಡುವವನು. ಆದುದರಿಂದ ದೃಷ್ಟಾಂತವನ್ನೂ ಅಲ್ಲಿಂದಲೇ ತರುತ್ತೇನೆ, ಮನ್ನಿಸಬೇಕು. ನಮ್ಮಲ್ಲಿ ಸಮಾಸಗಳುಂಟಷ್ಟೆ. ‘ಅರಮನೆ’ ಎಂದರೆ ಅರಸನ ಮನೆ. ಅದರಲ್ಲಿ ಮನೆಯೇ ಮುಖ್ಯ, ಅರಸನು ಅದಕ್ಕೊಂದು ವಿಶೇಷಣ ಮಾತ್ರ. ಇದು ತತ್ಪುರುಷ. ‘ಕೆರೆಕಟ್ಟೆಗಳು’ ಎಂದಾಗ ಹಾಗಲ್ಲ. ಕೆರೆಯೂ ಮುಖ್ಯ, ಕಟ್ಟೆಯೂ ಮುಖ್ಯ. ಒಂದು ಇನ್ನೊಂದರ ಆಳಲ್ಲ. ಇದು ದ್ವಂದ್ವ ಸಮಾಸ. ಬಾನುಲಿಯಲ್ಲಿ ದ್ವಂದ್ವ ಗಾಯನ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರು ಹಾಡುವಾಗ ಒಬ್ಬರು ಮುಂದೆ ಹೋಗಿ ಇನ್ನೊಬ್ಬರು ಹಿಂದೆ ಉಳಿದರೆ ಕಚೇರಿ ಕೆಟ್ಟಿತು. ಜೋಡಿಯಾಟವೂ ದ್ವಂದ್ವ ಸಮಾಸವೇ. ಇಬ್ಬರು ಒಳ್ಳೆಯ ಒಂಟಿ ಆಟಗಾರರನ್ನು ಪಕ್ಕ ಪಕ್ಕ ನಿಲ್ಲಿಸಿದ ಮಾತ್ರಕ್ಕೆ ಒಳ್ಳೆಯ ಜೋಡಿಯಾಗುವುದಿಲ್ಲ.

ಅಂಗಣದ ಅಳತೆಯಿಂದಲೇ ಈ ವ್ಯತ್ಯಾಸ ಆರಂಭವಾಗುತ್ತದೆ. ಬ್ಯಾಡ್ಮಿಂಟನ್ ಅಂಗಣದ ಉದ್ದ 44 ಅಡಿ. ಒಂಟಿಯಾಟಕ್ಕೆ ಅಗಲ 17 ಅಡಿ, ಜೋಡಿಯಾಟಕ್ಕೆ 20 ಅಡಿ. ಅಂದರೆ ಆಡುವವರ ಸಂಖ್ಯೆ ಎರಡರಷ್ಟಾದರೂ ನೆಲ ಹೆಚ್ಚಿದ್ದು ಮೂರೇ ಅಡಿ. ಒಬ್ಬೊಬ್ಬರಿಗೆ ಕಾಯಬೇಕಾದ ಜಾಗ ಕಡಿಮೆಯಾದ್ದರಿಂದ ಷಟಲ್ ನೆಲಕ್ಕೆ ಬೀಳಿಸುವುದು ಕಷ್ಟ. ಆದುದರಿಂದ ಹೊಡೆತ ಬಿರುಸಾಗಬೇಕು, ಮರುಹೊಡೆತ ಇನ್ನೂ ಬೇಗನೆ ಬರಬೇಕು. ಸರ್ವಿಸ್ ಬೀಳಬೇಕಾದ ಚೌಕವಂತೂ ಒಂಟಿಯಾಟಕ್ಕಿಂತ ಅಗಲವಾಗಿಯೂ ಗಿಡ್ಡವಾಗಿಯೂ ಇರುತ್ತದೆ. ಹಿಂದಿನ ಗೆರೆಯಿಂದ ಎರಡೂವರೆ ಅಡಿ ಒಳಗೇ ಅದು ಮುಗಿಯುತ್ತದೆ. ಎತ್ತರಕ್ಕೆ ಸರ್ವಿಸ್ ಕೊಟ್ಟರೆ ಎದುರಾಳಿ ಎಗರಿ ಹೊಡೆದುಬಿಡುತ್ತಾನೆ. ಬಲೆಯ ಅಂಚನ್ನು ಸವರಿಕೊಂಡು ಹೋಗುವಂತೆ ಮೆಲ್ಲನೆ ಕೊಡಬೇಕು. ಬಲೆ ನಡುವಿನಲ್ಲಿ ಸರಿಯಾಗಿ ಐದಡಿ ಎತ್ತರ. ಒಂದಂಗುಲ ಮೇಲೆ ಹೋದರೆ ಏಟು, ಒಂದಂಗುಲ ಕೆಳಗೆ ಹೋದರೆ ಅಂಕ ನಷ್ಟ. ಜೋಡಿಯಾಟದ ಹಣೆಬರಹ ಅನೇಕ ವೇಳೆ ಮೊದಲ ಮೂರು ಹೊಡೆತಗಳಲ್ಲಿಯೇ ಬರೆದುಹೋಗಿರುತ್ತದೆ.

ಇನ್ನು ನಿಲ್ಲುವ ರೀತಿ. ನಮ್ಮ ಕಡೆಯಿಂದ ಷಟಲ್ ಕೆಳಮುಖವಾಗಿ ಹೋಗುತ್ತಿದ್ದರೆ ಒಬ್ಬರು ಬಲೆಯ ಬಳಿ, ಇನ್ನೊಬ್ಬರು ಹಿಂದೆ. ಹಿಂದಿನವರು ಹೊಡೆಯುವುದು, ಮುಂದಿನವರು ಅದರ ಫಲವನ್ನು ಕೊಯ್ಯುವುದು. ನಾವು ಷಟಲನ್ನು ಎತ್ತಿ ಕಳುಹಿಸಿದೆವೋ, ಕೂಡಲೇ ಇಬ್ಬರೂ ಅಕ್ಕಪಕ್ಕಕ್ಕೆ ಸರಿದು ಅರ್ಧ ಅರ್ಧ ಕಾಯಬೇಕು. ಈ ಬದಲಾವಣೆ ಒಂದೇ ಅಂಕದೊಳಗೆ ಹಲವು ಸಲ ನಡೆಯುತ್ತದೆ. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳುವಷ್ಟು ಸಮಯವೂ ಇರುವುದಿಲ್ಲ. ಎತ್ತಿನ ಜೋಡಿ ಒಂದರ ಹೆಜ್ಜೆಯನ್ನು ಒಂದು ನೊಗದಲ್ಲಿ ತಿಳಿಯುವಂತೆ ಇಲ್ಲಿಯೂ ತಿಳಿಯಬೇಕು.

ಎಲ್ಲಕ್ಕಿಂತ ಕಷ್ಟವಾದದ್ದು ಇಬ್ಬರ ನಡುವೆ ಬಂದ ಷಟಲ್. ಅದು ಯಾರದು? ಕೆಲವು ವರ್ಷಗಳ ಹಿಂದೆ ತಾಲ್ಲೂಕು ಮಟ್ಟದ ಶಾಲಾ ಕ್ರೀಡೆಗಳಿಗೆ ನಮ್ಮ ಶಾಲೆಯ ಇಬ್ಬರು ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. ಆಟ ಸಮಸಮವಾಗಿ ಸಾಗಿತ್ತು. ಕೊನೆಯ ಅಂಕಕ್ಕೆ ಷಟಲ್ ಇಬ್ಬರ ನಟ್ಟನಡುವೆ ಬಂದಿತು. ಇಬ್ಬರೂ ನೋಡುತ್ತ ನಿಂತರು. ಅದು ನೆಲಕ್ಕೆ ಬಿತ್ತು. ನಾನು ಗದರಿದೆ, ಅದೂ ಹಿಂದೆ ನಿಂತಿದ್ದವಳೊಬ್ಬಳನ್ನೇ. ಅವಳು ಕಣ್ಣೀರು ಹಾಕಿದಳು. ಆಗ ಇನ್ನೊಬ್ಬಳು ಮುಂದೆ ಬಂದು “ಸಾರ್, ಅವಳೊಬ್ಬಳಿಗೇ ಬೈಬೇಡಿ, ಸೋತಿದ್ದು ಇಬ್ಬರೂ” ಎಂದಳು. ಸಮಾಸವನ್ನು ನಾನು ಕಲಿಸಿದ್ದೆ. ದ್ವಂದ್ವದ ಅರ್ಥವನ್ನು ಆ ದಿನ ಆ ಹುಡುಗಿ ನನಗೆ ಕಲಿಸಿದಳು.

ಜೋಡಿಯಾಟವನ್ನೇ ಒಂದು ವಿದ್ಯೆಯೆಂದು ಭಾವಿಸಿ ಬೆಳೆಸಿದ ದೇಶಗಳಲ್ಲಿ ಕೊರಿಯಾ ಎದ್ದು ಕಾಣುವಂಥದು. 1992ರಲ್ಲಿ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್‌ಗೆ ಮೊದಲ ಬಾರಿಗೆ ಪದಕಗಳ ಸ್ಥಾನ ದೊರೆಯಿತು. ಇದ್ದದ್ದು ನಾಲ್ಕು ಸುವರ್ಣ ಪದಕ. ಒಂಟಿಯಾಟದ ಎರಡನ್ನೂ ಇಂಡೋನೇಷ್ಯಾದವರು ಗೆದ್ದರು. ಜೋಡಿಯಾಟದ ಎರಡನ್ನೂ ಕೊರಿಯಾದವರು ಗೆದ್ದರು. ಪುರುಷರಲ್ಲಿ ಪಾರ್ಕ್ ಜೂ ಬಾಂಗ್ ಮತ್ತು ಕಿಮ್ ಮೂನ್ ಸೂ, ಮಹಿಳೆಯರಲ್ಲಿ ಹ್ವಾಂಗ್ ಹೇ ಯಂಗ್ ಮತ್ತು ಚುಂಗ್ ಸೋ ಯಂಗ್. ಅದೇ ದೇಶದ ಗಿಲ್ ಯಂಗ್ ಆ ಎಂಬಾಕೆಯನ್ನು ನೋಡಿ. 1992ರಲ್ಲಿ ಶಿಮ್ ಉನ್ ಜಂಗ್ ಜೊತೆಗೆ ಕಂಚು. 1996ರ ಅಟ್ಲಾಂಟಾದಲ್ಲಿ ಜಾಂಗ್ ಹೇ ಓಕ್ ಜೊತೆಗೆ ರಜತ. ಅಲ್ಲಿಯೇ ಮಿಶ್ರ ಜೋಡಿಯಾಟದಲ್ಲಿ ಕಿಮ್ ಡಾಂಗ್ ಮೂನ್ ಜೊತೆಗೆ ಸುವರ್ಣ. ಮೂರು ಪದಕ, ಮೂವರು ಜೊತೆಗಾರರು. ಜೊತೆಗಾರರು ಬದಲಾದರೂ ತಾನು ಜೊತೆಯಾಗುವ ವಿದ್ಯೆ ಬದಲಾಗಲಿಲ್ಲ. ಅಲ್ಲಿನ ಮಕ್ಕಳು ಜೋಡಿಯಾಟವನ್ನು ಒಂಟಿಯಾಟದಲ್ಲಿ ಸೋತವರ ಪಾಲೆಂದು ತಿಳಿಯುವುದಿಲ್ಲ.

ನಮ್ಮ ದೇಶದಲ್ಲಿ ಬಹುಕಾಲ ಅಂಥ ಭಾವನೆಯೇ ಇತ್ತು. ತರಬೇತಿ, ಪ್ರಚಾರ, ಗೌರವ ಎಲ್ಲವೂ ಒಂಟಿಯಾಟದ ಕಡೆಗೆ ಹರಿಯುತ್ತಿದ್ದ ಕಾಲದಲ್ಲಿ ಜೋಡಿಯಾಟವನ್ನೇ ತನ್ನ ಬದುಕಾಗಿ ಆರಿಸಿಕೊಂಡವಳು ಅಶ್ವಿನಿ.

ಆಕೆ ಹುಟ್ಟಿದ್ದು 1989ರ ಸೆಪ್ಟೆಂಬರ್ 18ರಂದು, ಬೆಂಗಳೂರಿನಲ್ಲಿ, ಕೊಡಗಿನ ಮೂಲದ ಮನೆಯಲ್ಲಿ. ತಂದೆ ಭಾರತದ ಪರವಾಗಿ ಹಾಕಿ ಆಡಿದವರು. ಕೊಡವರಿಗೂ ಹಾಕಿಗೂ ಇರುವ ನಂಟನ್ನು ಕನ್ನಡಿಗರಿಗೆ ಹೇಳಬೇಕೆ? 1997ರಿಂದೀಚೆಗೆ ಕೊಡವ ಮನೆತನಗಳು ತಮ್ಮತಮ್ಮಲ್ಲಿಯೇ ತಂಡ ಕಟ್ಟಿ ಹಾಕಿ ಹಬ್ಬವನ್ನು ಆಚರಿಸುತ್ತಿರುವುದನ್ನು ತಾವು ಬಲ್ಲಿರಿ. ಅಂಥ ಮನೆಯಲ್ಲಿ ಹುಟ್ಟಿದ ಹುಡುಗಿ ಹಾಕಿಯ ಕೋಲನ್ನು ಬಿಟ್ಟು ಷಟಲ್ ಬ್ಯಾಟನ್ನು ಹಿಡಿದಳು. ಹೆಸರಿನಲ್ಲಿಯೂ ಒಂದು ಸೊಗಸಿದೆ. ಪುರಾಣದ ಅಶ್ವಿನೀ ದೇವತೆಗಳು ಅವಳಿಗಳು, ಒಬ್ಬರನ್ನು ಬಿಟ್ಟು ಒಬ್ಬರು ಕಾಣಿಸಿಕೊಳ್ಳದವರು. ಜೋಡಿಯಾಟಕ್ಕೆ ಇದಕ್ಕಿಂತ ತಕ್ಕ ಹೆಸರು ಯಾವುದು?

ಆಕೆಯ ಬಲವೆಂದರೆ ಹಿಂದಿನಿಂದ ಎಗರಿ ಹೊಡೆಯುವ ಸ್ಮ್ಯಾಷ್. ಮಹಿಳೆಯರ ಆಟದಲ್ಲಿ ಅಷ್ಟು ಬಿರುಸಾದ ಹೊಡೆತ ಅಪರೂಪವೆಂದು ಬಲ್ಲವರು ಬೇಗನೆ ಗುರುತಿಸಿದರು. ಇಂಥ ಹೊಡೆತಕ್ಕೆ ಮುಂದೆ ನಿಂತು ಬಲೆಯನ್ನು ಆಳುವ ಕೈ ಬೇಕಲ್ಲವೇ? ಅದು ಹೈದರಾಬಾದಿನ ಜ್ವಾಲಾ ಗುಟ್ಟಾ ಅವರಲ್ಲಿ ದೊರೆಯಿತು. ಜ್ವಾಲಾ ಎಡಗೈಯವರು, ಅಶ್ವಿನಿ ಬಲಗೈಯವರು. ಈ ಎಡಬಲದ ಕೂಟಕ್ಕೆ ಜೋಡಿಯಾಟದಲ್ಲಿ ವಿಶೇಷ ಬೆಲೆಯುಂಟು. ಇಬ್ಬರೂ ಬಲಗೈಯವರಾದರೆ ಎದುರಾಳಿಗಳು ಅವರ ದುರ್ಬಲ ಮಗ್ಗುಲು ಯಾವುದೆಂದು ಒಮ್ಮೆ ಲೆಕ್ಕ ಹಾಕಿದರೆ ಸಾಕು. ಒಬ್ಬರು ಎಡಗೈ, ಒಬ್ಬರು ಬಲಗೈ ಆದರೆ ಅವರು ಸ್ಥಳ ಬದಲಿಸಿದಾಗಲೆಲ್ಲ ಆ ಲೆಕ್ಕವೂ ಬದಲಾಗುತ್ತದೆ. ಎಡಗೈಯವರು ಬಲಕ್ಕೂ ಬಲಗೈಯವರು ಎಡಕ್ಕೂ ನಿಂತರೆ ಇಬ್ಬರ ನೇರ ಕೈಯೂ ನಡುವಿಗೇ ಬರುತ್ತದೆ. ಆಗ ನಡುವೆ ಬಂದ ಷಟಲಿಗೆ ಇಬ್ಬರು ಒಡೆಯರು.

2010ರಲ್ಲಿ ದೆಹಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡೆಗಳು ನಡೆದವು. ಕೊನೆಯ ದಿನ, ಅಕ್ಟೋಬರ್ 14. ಮಹಿಳೆಯರ ಜೋಡಿಯಾಟದ ಅಂತಿಮ ಪಂದ್ಯದಲ್ಲಿ ಸಿಂಗಪುರದ ಶಿಂತಾ ಮುಲಿಯಾ ಸಾರಿ ಮತ್ತು ಯಾವೊ ಲೀ ಎದುರಾಳಿಗಳು. ಜ್ವಾಲಾ ಮತ್ತು ಅಶ್ವಿನಿ 21-16, 21-19ರಿಂದ ಗೆದ್ದರು. ಈ ಕ್ರೀಡೆಗಳಲ್ಲಿ ಮಹಿಳೆಯರ ಜೋಡಿಯಾಟದ ಸುವರ್ಣ ಭಾರತಕ್ಕೆ ದೊರೆತದ್ದು ಅದೇ ಮೊದಲು. ಅದೇ ದಿನ ಸೈನಾ ಒಂಟಿಯಾಟದ ಸುವರ್ಣ ಗೆದ್ದರು. ಆ ಕ್ರೀಡೆಗಳಲ್ಲಿ ಭಾರತಕ್ಕೆ ಒಟ್ಟು 38 ಸುವರ್ಣ, ಇಂಗ್ಲೆಂಡಿಗೆ 37. ಒಂದೇ ಪದಕದ ಅಂತರದಿಂದ ನಮಗೆ ಎರಡನೆಯ ಸ್ಥಾನ ಬಂದಿತು. ಮರುದಿನ ಊರೂರುಗಳಲ್ಲಿ ಜನ ಆಡಿಕೊಂಡದ್ದು 38ನೆಯ ಪದಕವನ್ನು. 37ನೆಯದು ಇಲ್ಲದಿದ್ದರೆ 38ನೆಯದಾದರೂ ಎಲ್ಲಿಂದ ಬರುತ್ತಿತ್ತು?

ಮರುವರ್ಷ, 2011ರ ಆಗಸ್ಟ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಈ ಪಂದ್ಯಾವಳಿಯಲ್ಲಿ ಉಪಾಂತ್ಯಕ್ಕೆ ಬಂದು ಸೋತವರಿಬ್ಬರಿಗೂ ಕಂಚಿನ ಪದಕ ಉಂಟು. ಜ್ವಾಲಾ ಮತ್ತು ಅಶ್ವಿನಿ ಉಪಾಂತ್ಯ ತಲುಪಿದರು. ಅಲ್ಲಿ ಚೀನಾದ ತಿಯಾನ್ ಚಿಂಗ್ ಮತ್ತು ಝಾವೊ ಯುನ್‌ಲೀ ಅವರಿಗೆ ಸೋತು ಕಂಚನ್ನು ಪಡೆದರು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಇದು ಎರಡನೆಯ ಪದಕ. ಮೊದಲನೆಯದು 1983ರಲ್ಲಿ ಪ್ರಕಾಶ್ ಪಡುಕೋಣೆಯವರು ಕೋಪನ್‌ಹೇಗನ್ನಿನಲ್ಲಿ ಗೆದ್ದ ಕಂಚು. ನಡುವೆ 28 ವರ್ಷಗಳು ಬರಿದೇ ಕಳೆದಿದ್ದವು. ಆ ಬರಗಾಲ ಮುಗಿದದ್ದು ಜೋಡಿಯಾಟದಿಂದ ಎಂಬುದನ್ನು ನೆನಪಿಡಬೇಕು. ಎರಡು ಪದಕಗಳಲ್ಲಿಯೂ ಬೆಂಗಳೂರಿನ ಕೈ ಇತ್ತು ಎಂಬುದು ನಮಗೆ ಹೆಚ್ಚಿನ ಹಿಗ್ಗು. ಜ್ವಾಲಾ ಅವರಿಗೆ 2011ರ, ಅಶ್ವಿನಿಯವರಿಗೆ 2012ರ ಅರ್ಜುನ ಪ್ರಶಸ್ತಿ ಸಂದಿತು.

ಈಗ 2012ರ ಲಂಡನ್ ಒಲಿಂಪಿಕ್ಸ್‌ಗೆ ಬರೋಣ. ನಾನು ಈ ಲೇಖನವನ್ನು ಬರೆಯಲು ಕಾರಣವಾದ ಕಥೆಯೇ ಅದು.

ಅದುವರೆಗೆ ಒಲಿಂಪಿಕ್ಸ್‌ನಲ್ಲಿ ಸೋತವರು ಆಗಲೇ ಹೊರಗೆ ಎಂಬ ನಿಯಮವಿತ್ತು. ಆ ವರ್ಷ ಗುಂಪುಗಳ ಪದ್ಧತಿ ಬಂದಿತು. ನಾಲ್ಕು ಜೋಡಿಗಳ ಒಂದು ಗುಂಪು. ಪ್ರತಿಯೊಂದು ಜೋಡಿಯೂ ಉಳಿದ ಮೂರರೊಡನೆ ಆಡಬೇಕು. ಮೊದಲ ಎರಡು ಸ್ಥಾನದವರು ಮುಂದಕ್ಕೆ. ನಮ್ಮವರ ಗುಂಪಿನಲ್ಲಿ ಜಪಾನ್, ಚೈನೀಸ್ ತೈಪೆ ಮತ್ತು ದೆಹಲಿಯಲ್ಲಿ ಎದುರಾಗಿದ್ದ ಅದೇ ಸಿಂಗಪುರದ ಜೋಡಿ. ನಮ್ಮವರು ಜಪಾನಿನ ಮಿಜುಕಿ ಫುಜಿ ಮತ್ತು ರೇಕಾ ಕಕೀವಾ ಅವರಿಗೆ ಸೋತರು. ತೈಪೆಯವರನ್ನು 25-23, 16-21, 21-18ರಿಂದ ಸೋಲಿಸಿದರು. ಸಿಂಗಪುರದವರನ್ನು 21-16, 21-15ರಿಂದ ಸೋಲಿಸಿದರು. ಅತ್ತ ತೈಪೆಯವರು ಜಪಾನಿನವರನ್ನು ಸೋಲಿಸಿಬಿಟ್ಟಿದ್ದರು. ಹೀಗೆ ಮೂರು ಜೋಡಿಗಳಿಗೂ ಎರಡೆರಡು ಗೆಲುವು. ಆಗ ಗೆದ್ದ ಗೇಮುಗಳ ಲೆಕ್ಕ ಹಿಡಿದರು. ತೈಪೆ ಮುಂದೆ ಹೋಯಿತು, ಭಾರತವೂ ಜಪಾನೂ ಸಮವಾಗಿ ನಿಂತವು. ಕೊನೆಗೆ ಉಳಿದದ್ದು ಗಳಿಸಿದ ಮತ್ತು ಕಳೆದುಕೊಂಡ ಅಂಕಗಳ ಲೆಕ್ಕ. ಅದರಲ್ಲಿ ಜಪಾನಿಗೆ ನಮಗಿಂತ ಒಂದು ಅಂಕ ಹೆಚ್ಚು.

ಒಂದೇ ಒಂದು ಅಂಕ! ಮೂರು ಪಂದ್ಯಗಳಲ್ಲಿ ನಮ್ಮವರು ಆಡಿದ್ದು ಏಳು ಗೇಮು. ಗಳಿಸಿದ ಅಂಕ 138, ಕಳೆದುಕೊಂಡದ್ದು 135. ಅದರಲ್ಲಿ ಎಲ್ಲೋ ಒಂದು ಕಡೆ ಬಲೆಗೆ ತಾಗಿದ ಒಂದು ಸರ್ವಿಸ್, ಗೆರೆಯಿಂದ ಬೆರಳಗಲ ಆಚೆ ಬಿದ್ದ ಒಂದು ಹೊಡೆತ ಸರಿಯಾಗಿದ್ದರೆ ಎಂಟರ ಘಟ್ಟಕ್ಕೆ ಹೋಗುತ್ತಿದ್ದರು. ಆ ಅಂಕ ಯಾವುದು? ಯಾರಿಂದ ಹೋಯಿತು? ಹುಡುಕಲು ಸಾಧ್ಯವಿಲ್ಲ. ಹುಡುಕಬಾರದು ಕೂಡ. ಜಪಾನಿನವರ ಅನಿರೀಕ್ಷಿತ ಸೋಲಿನ ಬಗ್ಗೆ ಭಾರತದ ತಂಡದವರು ದೂರು ಸಲ್ಲಿಸಿದರು, ಅದು ಫಲಿಸಲಿಲ್ಲ. ಆ ಜಪಾನಿನ ಜೋಡಿ ಮುಂದೆ ಅಂತಿಮ ಪಂದ್ಯದವರೆಗೂ ಆಡಿ ರಜತ ಪದಕ ಪಡೆಯಿತು. ಅವರ ಮೇಲೆ ಯಾವ ತಪ್ಪೂ ಸಿದ್ಧವಾಗಲಿಲ್ಲವಾದ್ದರಿಂದ ನಾವೂ ಆ ಮಾತನ್ನು ಅಲ್ಲಿಗೇ ಬಿಡುವುದು ನ್ಯಾಯ.

ಆದರೆ ಅದೇ ಜುಲೈ 31ರಂದು, ಅದೇ ವೆಂಬ್ಲಿಯಲ್ಲಿ ಜನ ಕಂಡರಿಯದ ಒಂದು ದೃಶ್ಯ ನಡೆಯಿತು. ಚೀನಾದ ಎರಡನೆಯ ಜೋಡಿ ಡೆನ್ಮಾರ್ಕಿನವರಿಗೆ ಸೋತು ತನ್ನ ಗುಂಪಿನಲ್ಲಿ ಎರಡನೆಯ ಸ್ಥಾನಕ್ಕೆ ಇಳಿದಿತ್ತು. ಇದರಿಂದ, ಬೇರೆ ಗುಂಪಿನಲ್ಲಿ ಮೊದಲಿಗರಾದವರು ಮುಂದೆ ಆ ಬಲಿಷ್ಠ ಜೋಡಿಯನ್ನು ಅಂತಿಮ ಪಂದ್ಯಕ್ಕೆ ಮುಂಚೆಯೇ ಎದುರಿಸಬೇಕಾಗುತ್ತಿತ್ತು. ಆದುದರಿಂದ ಮೊದಲ ಸ್ಥಾನ ಯಾರಿಗೂ ಬೇಡವಾಯಿತು! ಚೀನಾದ ಮೊದಲ ಜೋಡಿಯಾದ ವಾಂಗ್ ಷಿಯಾವೊಲಿ ಮತ್ತು ಯು ಯಾಂಗ್ ಒಂದು ಕಡೆ, ಕೊರಿಯಾದ ಜಂಗ್ ಕ್ಯುಂಗ್ ಉನ್ ಮತ್ತು ಕಿಮ್ ಹಾ ನಾ ಇನ್ನೊಂದು ಕಡೆ ನಿಂತು, ಸೋಲುವುದರಲ್ಲಿ ಸ್ಪರ್ಧೆಗಿಳಿದರು. ಬೇಕೆಂದೇ ಸರ್ವಿಸನ್ನು ಬಲೆಗೆ ಹೊಡೆದರು, ಬೇಕೆಂದೇ ಗೆರೆಯಾಚೆ ಕಳುಹಿಸಿದರು. ನೋಡುವವರು ಕೂಗಿ ಛೀಮಾರಿ ಹಾಕಿದರು. ಆ ಬಳಿಕ ಕೊರಿಯಾದ ಇನ್ನೊಂದು ಜೋಡಿಯೂ ಇಂಡೋನೇಷ್ಯಾದ ಗ್ರೇಸಿಯಾ ಪೊಲೀ ಮತ್ತು ಮೆಯಿಲಿಯಾನಾ ಜೌಹರಿ ಅವರೂ ಅದೇ ದಾರಿ ಹಿಡಿದರು. ಮರುದಿನ ನಾಲ್ಕು ಜೋಡಿಗಳನ್ನೂ, ಅಂದರೆ ಎಂಟು ಆಟಗಾರ್ತಿಯರನ್ನು, ಪಂದ್ಯಾವಳಿಯಿಂದಲೇ ಹೊರಗೆ ಹಾಕಲಾಯಿತು.

ತೆರವಾದ ನಾಲ್ಕು ಸ್ಥಾನಗಳು ಯಾರಿಗೆ ಹೋದವು? ಆ ಎರಡು ಗುಂಪುಗಳಲ್ಲಿಯೇ ಮೂರನೆಯ ಮತ್ತು ನಾಲ್ಕನೆಯ ಸ್ಥಾನದಲ್ಲಿದ್ದವರಿಗೆ. ಅವರಲ್ಲಿ ರಷ್ಯಾದ ವಲೇರಿಯಾ ಸೊರೊಕಿನಾ ಮತ್ತು ನೀನಾ ವಿಸ್ಲೊವಾ ಕಂಚಿನ ಪದಕವನ್ನೇ ಪಡೆದರು. ನಮ್ಮವರು ಬೇರೆ ಗುಂಪಿನವರಾದ್ದರಿಂದ ಅವರಿಗೆ ಬಾಗಿಲು ತೆರೆಯಲಿಲ್ಲ. ಒಂದು ಅಂಗಣದಲ್ಲಿ ಅಂಕಗಳನ್ನು ಕಸದಂತೆ ಚೆಲ್ಲುತ್ತಿದ್ದರು. ಅದೇ ಛಾವಣಿಯ ಕೆಳಗೆ ಎರಡು ಪಂದ್ಯ ಪ್ರಾಮಾಣಿಕವಾಗಿ ಗೆದ್ದ ಜೋಡಿ ಒಂದು ಅಂಕ ಸಾಲದೆ ಮನೆಗೆ ಹಿಂದಿರುಗಿತು.

ಇದನ್ನು ಅದೃಷ್ಟದ ಮಾತೆಂದು ತಳ್ಳಿಬಿಡಬಹುದು. ನಾನು ಹಾಗೆ ತಿಳಿಯಲಾರೆ. ಜೋಡಿಯಾಟದ ಧರ್ಮ ಅಂದು ಬಯಲಾಯಿತು. ಅಂಕ ಎಂಬುದು ಇಬ್ಬರ ಸೊತ್ತು. ಅದನ್ನು ಒಬ್ಬರು ಚೆಲ್ಲುವಂತಿಲ್ಲ, ಇಬ್ಬರೂ ಮಾತನಾಡಿಕೊಂಡು ಚೆಲ್ಲುವುದಂತೂ ಆಟಕ್ಕೇ ಬಗೆದ ದ್ರೋಹ. ಅಂದು ಲೆಕ್ಕಾಚಾರ ಮಾಡಿದವರು ಯಾವ ಅಂಕವನ್ನು ಬೇಡವೆಂದರೋ ಅಂಥದೊಂದು ಅಂಕದ ಬೆಲೆ ಎಷ್ಟೆಂಬುದನ್ನು ನಮ್ಮ ಇಬ್ಬರು ಹೆಣ್ಣುಮಕ್ಕಳ ಸೋಲು ಸಾರಿ ಹೇಳಿತು. ಆಟದ ಆಡಳಿತದವರೂ ಪಾಠ ಕಲಿತರು. ಮುಂದಿನ ಒಲಿಂಪಿಕ್ಸ್‌ನಿಂದ ಜೋಡಿಯಾಟದಲ್ಲಿ ಗುಂಪುಗಳ ಆಟ ಮುಗಿದ ಮೇಲೆ ಎರಡನೆಯ ಸ್ಥಾನದವರಿಗೆ ಹೊಸದಾಗಿ ಚೀಟಿ ಎತ್ತುವ ಏರ್ಪಾಡು ಬಂದಿತು. ಯಾರಿಗೆ ಯಾರು ಎದುರೆಂದು ಮೊದಲೇ ತಿಳಿಯದಿದ್ದರೆ ಸೋಲಲು ಕಾರಣವೇ ಇರುವುದಿಲ್ಲವಷ್ಟೆ.

ತಪ್ಪು ಮಾಡಿದವರ ಕಥೆಯೂ ಅಲ್ಲಿಗೇ ಮುಗಿಯಲಿಲ್ಲ ಎಂಬುದನ್ನು ಹೇಳದಿದ್ದರೆ ಮಾತು ಅರೆಯಾದೀತು. ಕೊರಿಯಾದ ಜಂಗ್ ಕ್ಯುಂಗ್ ಉನ್ 2016ರ ರಿಯೊ ಒಲಿಂಪಿಕ್ಸ್‌ಗೆ ಮರಳಿ ಬಂದು ಶಿನ್ ಸುಂಗ್ ಚಾನ್ ಜೊತೆಗೆ ಕಂಚು ಗೆದ್ದಳು. ಇಂಡೋನೇಷ್ಯಾದ ಗ್ರೇಸಿಯಾ ಪೊಲೀ 2021ರ ಆಗಸ್ಟ್ 2ರಂದು ಟೋಕಿಯೋದಲ್ಲಿ ಅಪ್ರಿಯಾನಿ ರಹಾಯು ಜೊತೆಗೆ ಸುವರ್ಣವನ್ನೇ ಗೆದ್ದಳು. ಒಂಬತ್ತು ವರ್ಷಗಳ ಕಾಲ ಒಂದು ಕಳಂಕವನ್ನು ಬೆವರಿನಿಂದ ತೊಳೆಯುತ್ತ ಬಂದವಳ ಗೆಲುವು ಅದು. ಅದನ್ನೂ ನಾವು ಮೆಚ್ಚಬೇಕು.

ಅಶ್ವಿನಿಯೂ ಬ್ಯಾಟನ್ನು ಕೆಳಗಿಡಲಿಲ್ಲ. 2014ರಲ್ಲಿ ದೆಹಲಿಯಲ್ಲಿ ನಡೆದ ಊಬರ್ ಕಪ್ ಪಂದ್ಯಾವಳಿಯಲ್ಲಿ ಭಾರತದ ಮಹಿಳಾ ತಂಡ ಮೊದಲ ಬಾರಿಗೆ ಕಂಚು ಗೆದ್ದಾಗ ಆಕೆ ತಂಡದಲ್ಲಿದ್ದಳು. ಅದೇ ವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಜ್ವಾಲಾ ಜೊತೆಗೆ ರಜತ, ಕೊರಿಯಾದ ಇಂಚಿಯಾನ್‌ನಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ತಂಡದ ಕಂಚು. 2015ರಲ್ಲಿ ಕೆನಡಾ ಓಪನ್ ಗೆಲುವು. 2016ರ ರಿಯೊದಲ್ಲಿ ಮಾತ್ರ ಗುಂಪಿನ ಮೂರು ಪಂದ್ಯಗಳನ್ನೂ ಸೋತರು. ಎದುರಾಳಿಗಳಲ್ಲಿ ಒಂದಾದ ಜಪಾನಿನ ಮಟ್ಸುಟೊಮೊ ಮತ್ತು ಟಕಹಾಶಿ ಜೋಡಿ ಆ ಸಲದ ಸುವರ್ಣ ಗೆದ್ದಿತು. ಆ ಜಪಾನ್ ತಂಡವನ್ನು ವರ್ಷಗಟ್ಟಲೆ ತಿದ್ದಿದ ಗುರು ಯಾರು ಬಲ್ಲಿರಾ? 1992ರಲ್ಲಿ ಜೋಡಿಯಾಟದ ಮೊದಲ ಸುವರ್ಣ ಗೆದ್ದ ಅದೇ ಕೊರಿಯಾದ ಪಾರ್ಕ್ ಜೂ ಬಾಂಗ್. ವಿದ್ಯೆ ಹೀಗೆ ಕಡಲು ದಾಟಿ ಹೋಗುತ್ತದೆ.

ರಿಯೊದ ಬಳಿಕ ಜ್ವಾಲಾ ಅವರೊಡನೆ ಇದ್ದ ಜೋಡಿ ಮುಗಿಯಿತು. ಒಂಟಿಯಾಟದವರಿಗೆ ಇಲ್ಲದ ಕಷ್ಟ ಇದು. ಅವರು ತಮ್ಮ ಮೈಮನಸ್ಸುಗಳನ್ನು ಕಾಪಾಡಿಕೊಂಡರೆ ಸಾಕು. ಜೋಡಿಯಾಟದವರು ಇನ್ನೊಬ್ಬರನ್ನು ಹುಡುಕಬೇಕು, ಅವರ ಹೆಜ್ಜೆಯನ್ನು ಹೊಸದಾಗಿ ಕಲಿಯಬೇಕು, ಅವರ ಗಾಯ, ಅವರ ಸಿಟ್ಟು, ಅವರ ದಣಿವು ಎಲ್ಲವೂ ತಮ್ಮದೇ ಆಗಬೇಕು. ಅಶ್ವಿನಿ ಎನ್. ಸಿಕ್ಕಿ ರೆಡ್ಡಿಯವರೊಡನೆ ಜೊತೆಗೂಡಿದಳು. 2018ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಇಬ್ಬರೂ ಕಂಚು ಗೆದ್ದರು. ಅಲ್ಲಿಯೇ ಮಿಶ್ರ ತಂಡದ ಅಂತಿಮ ಪಂದ್ಯದಲ್ಲಿ ಮಲೇಷ್ಯಾದ ವಿರುದ್ಧ ಮೊದಲ ಆಟಕ್ಕೆ ಇಳಿದವರು ಅಶ್ವಿನಿ ಮತ್ತು ಸಾತ್ವಿಕ್ ಸಾಯಿರಾಜ್. ಆ ಗೆಲುವಿನಿಂದ ಆರಂಭವಾದ ಪಂದ್ಯವನ್ನು ಭಾರತ 3-1ರಿಂದ ಗೆದ್ದು ತಂಡದ ಸುವರ್ಣ ಪಡೆಯಿತು.

ಮುವ್ವತ್ತು ದಾಟಿದ ಮೇಲೆ ಇನ್ನೇನು ಎಂದು ಜನ ಅಂದುಕೊಳ್ಳುವ ಹೊತ್ತಿಗೆ ಆಕೆ ಮೂರನೆಯ ಬಾರಿ ಹೊಸ ಹೆಜ್ಜೆ ಕಲಿತಳು. ಈ ಸಲದ ಜೊತೆಗಾತಿ ತನಿಷಾ ಕ್ರಾಸ್ಟೊ. ತನಿಷಾ ಹುಟ್ಟಿದ್ದು 2003ರಲ್ಲಿ. ಇಬ್ಬರಿಗೂ ಹದಿಮೂರು ವರ್ಷಕ್ಕೂ ಮೀರಿದ ಅಂತರ. ನಮ್ಮ ಮನೆಗಳಲ್ಲಾದರೆ ಒಬ್ಬಳು ಇನ್ನೊಬ್ಬಳನ್ನು ಚಿಕ್ಕಮ್ಮ ಎಂದು ಕರೆಯಬಹುದಾದಷ್ಟು. ಆದರೆ ಅಂಗಣದಲ್ಲಿ ದ್ವಂದ್ವ ಸಮಾಸವೇ, ತತ್ಪುರುಷವಲ್ಲ. 2023ರಲ್ಲಿ ಈ ಜೋಡಿ ಅಬುಧಾಬಿ ಮಾಸ್ಟರ್ಸ್ ಮತ್ತು ಗುವಾಹಟಿ ಮಾಸ್ಟರ್ಸ್ ಪಂದ್ಯಾವಳಿಗಳನ್ನು ಗೆದ್ದು 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಿತು. 2024ರ ಫೆಬ್ರುವರಿಯಲ್ಲಿ ಏಷ್ಯಾ ತಂಡ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಮಹಿಳೆಯರು ಮೊದಲ ಬಾರಿಗೆ ಸುವರ್ಣ ಗೆದ್ದಾಗಲೂ ಅಶ್ವಿನಿ ತಂಡದಲ್ಲಿದ್ದಳು.

ಪ್ಯಾರಿಸ್‌ನಲ್ಲಿ ಮೊದಲ ಎದುರಾಳಿಗಳು ಕೊರಿಯಾದ ಕಿಮ್ ಸೋ ಯೊಂಗ್ ಮತ್ತು ಕಾಂಗ್ ಹೀ ಯೊಂಗ್, ಟೋಕಿಯೋದ ಕಂಚಿನ ಜೋಡಿ. ಮೊದಲ ಗೇಮು 18-21ರವರೆಗೆ ಹೋಗಿ ಕೈತಪ್ಪಿತು, ಎರಡನೆಯದೂ ಹೋಯಿತು. ಜಪಾನ್ ಮತ್ತು ಆಸ್ಟ್ರೇಲಿಯಾ ಜೋಡಿಗಳ ಎದುರಿಗೂ ಸೋಲಾಯಿತು. ತನ್ನ ಕೊನೆಯ ಒಲಿಂಪಿಕ್ಸ್ ಇದು ಎಂದು 34ರ ಅಶ್ವಿನಿ ಕಣ್ಣೀರಿನೊಡನೆ ಹೇಳಿದಳು. ಮೂರು ಒಲಿಂಪಿಕ್ಸ್, ಒಂದೂ ಪದಕವಿಲ್ಲ. ಲೆಕ್ಕ ಬರೆಯುವವನು ಇಷ್ಟೇ ಬರೆದಾನು.

ಆದರೆ ವಾಚಕರೇ, ಲೆಕ್ಕದ ಪುಸ್ತಕದಲ್ಲಿ ಕಾಣದ ಇನ್ನೊಂದು ಅಂಕಣವಿದೆ. 2010ರಲ್ಲಿ ಜೋಡಿಯಾಟದ ಕಡೆಗೆ ನಮ್ಮ ದೇಶ ಮುಖ ತಿರುಗಿಸಿಯೂ ನೋಡುತ್ತಿರಲಿಲ್ಲ. ಈಗ ಸಾತ್ವಿಕ್ ಮತ್ತು ಚಿರಾಗ್ ಶೆಟ್ಟಿ ಎಂದರೆ ಮಕ್ಕಳಿಗೂ ಗೊತ್ತು. ಟ್ರೀಸಾ ಜಾಲಿ ಮತ್ತು ಗಾಯತ್ರಿ ಗೋಪಿಚಂದ್ ಎಂಬ ಹೆಣ್ಣುಮಕ್ಕಳ ಜೋಡಿಯೂ ಬೆಳೆದಿದೆ. ಈ ಹಾದಿಯ ಮೊದಲ ಮುಳ್ಳುಗಳನ್ನು ತುಳಿದವರು ಜ್ವಾಲಾ ಮತ್ತು ಅಶ್ವಿನಿ. ಒಬ್ಬರ ಹೆಸರನ್ನು ಹೇಳುವಾಗ ಇನ್ನೊಬ್ಬರ ಹೆಸರನ್ನೂ ಹೇಳಲೇಬೇಕಾಗುವುದು, ಅದೇ ಜೋಡಿಯಾಟಗಾರ್ತಿಯ ಬದುಕಿನ ಸ್ವರೂಪ. ನಾನು ಅಶ್ವಿನಿಯೊಬ್ಬಳ ಕಥೆ ಹೇಳಹೊರಟು ಎಷ್ಟು ಜನರ ಹೆಸರು ಹೇಳಿದೆನೆಂದು ಹಿಂದಿರುಗಿ ಎಣಿಸಿ ನೋಡಿ.

ಮುಂದಿನ ಸಲ ತಾವು ಜೋಡಿಯಾಟವನ್ನು ನೋಡುವಾಗ, ಅದು ದೊಡ್ಡ ಪಂದ್ಯವಾಗಿರಲಿ, ತಮ್ಮ ಬೀದಿಯ ಖಾಲಿ ನಿವೇಶನವಾಗಿರಲಿ, ಒಂದು ಕೆಲಸ ಮಾಡಿ. ಷಟಲನ್ನು ಹೊಡೆಯುವವರನ್ನು ನೋಡಬೇಡಿ. ಆ ಕ್ಷಣದಲ್ಲಿ ಹೊಡೆಯದೆ ಇರುವ ಇನ್ನೊಬ್ಬರನ್ನು ನೋಡಿ. ಅವರ ಕಾಲು ಎತ್ತ ಸರಿಯುತ್ತಿದೆ, ಕಣ್ಣು ಎಲ್ಲಿದೆ, ಜೊತೆಗಾರನ ಹೊಡೆತ ತಪ್ಪಿದರೆ ಮುಖ ಏನಾಗುತ್ತದೆ ಎಂಬುದನ್ನು ಗಮನಿಸಿ. ಆಟದ ಅರ್ಧ ಅಲ್ಲಿರುತ್ತದೆ.

ನಮ್ಮ ಶಾಲೆಯ ಆ ಇಬ್ಬರು ಹುಡುಗಿಯರು ಈಗ ಓದು ಮುಗಿಸಿ ಬೇರೆ ಬೇರೆ ಕಡೆ ಕೆಲಸಕ್ಕೆ ಸೇರಿದ್ದಾರೆ. ಭಾನುವಾರ ಬಿಡುವಾದರೆ ಜಿಗಣಿಗೆ ಬಂದು ಷಟಲ್ ಆಡುತ್ತಾರಂತೆ. ಈಗಲೂ ಒಂದೇ ಕಡೆಯಲ್ಲಿ ನಿಲ್ಲುತ್ತಾರಂತೆ. ನಡುವೆ ಬಂದ ಷಟಲನ್ನು ಈಗ ಯಾರು ಹೊಡೆಯುತ್ತಾರೆಂದು ಕೇಳಿದೆ. “ಯಾರಿಗೆ ಮೊದಲು ಕೈ ಎಟಕುತ್ತೋ ಅವರು ಸಾರ್. ತಪ್ಪಿದ್ರೆ ಇಬ್ಬರದೂ” ಎಂದರು.